ಸುಪ್ರೀಂ ಕೋರ್ಟಿನ ಬಾಗಿಲು ಯಾರಿಗೆ?



ಆಸ್ತಿಯ ಜಗಳವಿರಲಿ, ತಲಾಖ್‌ನ ವಿವಾದವಿರಲಿ, “ಸುಪ್ರೀಂ ಕೋರ್ಟಿನವರೆಗೂ ಹೋಗುತ್ತೇನೆ” ಎಂದು ಸಿಟ್ಟಿನಲ್ಲಿ ಹೇಳುವವರನ್ನು ನೀವೂ ಕಂಡಿರಬಹುದು. ಆದರೆ ಆ ನ್ಯಾಯಾಲಯದ ಅಧಿಕಾರವೇನು, ಅಲ್ಲಿಗೆ ಹೋಗುವ ದಾರಿ ಯಾವುದು ಎಂಬುದು ಎಷ್ಟು ಮಂದಿಗೆ ಗೊತ್ತು?

1950ರ ಜನವರಿ 28ರಂದು ಉದ್ಘಾಟನೆಗೊಂಡ ಸುಪ್ರೀಂ ಕೋರ್ಟಿಗೆ ಸಂವಿಧಾನವು ಹಲವು ಅಧಿಕಾರಗಳನ್ನು ಕೊಟ್ಟಿದೆ. ಕೇಂದ್ರ ಮತ್ತು ರಾಜ್ಯಗಳ ನಡುವಿನ ವಿವಾದಗಳನ್ನು ಅದು ನೇರವಾಗಿ ವಿಚಾರಿಸುತ್ತದೆ (131ನೇ ವಿಧಿ). ಹೈಕೋರ್ಟ್‌ಗಳ ತೀರ್ಪಿನ ಮೇಲಿನ ಮೇಲ್ಮನವಿ ಕೇಳುತ್ತದೆ. ರಾಷ್ಟ್ರಪತಿ ಕೇಳಿದರೆ ಸಲಹೆ ನೀಡಬಹುದು (143). ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಸಾಮಾನ್ಯ ಪ್ರಜೆಯೂ ನೇರವಾಗಿ ಅದರ ಬಾಗಿಲು ತಟ್ಟಬಹುದು (32). ಅದು ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯ (141).

ಇದು ನಮ್ಮ ಮನೆಗಳಿಗೆ ಹೇಗೆ ಮುಟ್ಟುತ್ತದೆ? ಇಂದೋರಿನ ಶಾಬಾನು ಪ್ರಕರಣವನ್ನು ನೋಡಿ. ಮ್ಯಾಜಿಸ್ಟ್ರೇಟರು ಆಕೆಗೆ ಗೊತ್ತುಪಡಿಸಿದ ಜೀವನಾಂಶ ತಿಂಗಳಿಗೆ ಕೇವಲ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಸುಪ್ರೀಂ ಕೋರ್ಟಿಗೆ ಹೋದದ್ದು ಆಕೆಯಲ್ಲ, ಪತಿ. 1985ರಲ್ಲಿ ಅವರ ಮೇಲ್ಮನವಿ ವಜಾ ಆಯಿತು.

ತೀರ್ಪಿಗೆ ಸಮುದಾಯದಲ್ಲಿ ತೀವ್ರ ವಿರೋಧ ಬಂತು. 1986ರಲ್ಲಿ ಸಂಸತ್ತು ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗಾಗಿ ಪ್ರತ್ಯೇಕ ಕಾಯ್ದೆ ತಂದಿತು. ಶಾಸನ ರಚಿಸುವುದು ಸಂಸತ್ತಿನ ಕೆಲಸ. ಅದು ಸಂವಿಧಾನಕ್ಕೆ ಸರಿಹೊಂದುತ್ತದೆಯೇ, ಅದರ ಅರ್ಥವೇನು ಎಂದು ಹೇಳುವುದು ನ್ಯಾಯಾಲಯದ ಕೆಲಸ. 2001ರ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಇದ್ದತ್‌ನ ನಂತರದ ಬದುಕಿಗೂ ಸಾಕಾಗುವ ನ್ಯಾಯವಾದ ವ್ಯವಸ್ಥೆಯನ್ನು ಪತಿ ಇದ್ದತ್‌ನ ಅವಧಿಯೊಳಗೇ ಮಾಡಬೇಕೆಂದು ಅರ್ಥೈಸಿತು. 2024ರ ಜುಲೈ 10ರಂದು, ಎಲ್ಲ ಧರ್ಮದವರಿಗೂ ಇರುವ ಜೀವನಾಂಶದ ಸಾಮಾನ್ಯ ಕಾನೂನಿನ ದಾರಿಯೂ ಮುಸ್ಲಿಂ ಮಹಿಳೆಗೆ ತೆರೆದಿದೆ ಎಂದು ಹೇಳಿತು.

ಈ ತೀರ್ಪುಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಕೈಬಿಡಲ್ಪಟ್ಟ ಹೆಣ್ಣಿಗೆ ಕಾನೂನಿನಲ್ಲಿ ಏನಿದೆ ಎಂಬ ತಿಳುವಳಿಕೆಯಾದರೂ ನಮಗಿರಬೇಡವೇ?

ಒಂದು ಮಾತು ನೆನಪಿರಲಿ. ಜೀವನಾಂಶಕ್ಕಾಗಿ ದಿಲ್ಲಿಗೆ ಹೋಗಬೇಕಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ನಿಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ನೆರೆಮನೆಯಲ್ಲಿ ನೊಂದ ಸಹೋದರಿಯಿದ್ದರೆ ಆಕೆಗೂ ಈ ವಿಷಯ ತಿಳಿಸಿ.