ಧರ್ಮ ಅವರದು, ನ್ಯಾಯ ಎಲ್ಲರದು

ನಾವು ನಾಲ್ಕು ಮಂದಿ ಹೆಂಗಸರು ಒಂದೆಡೆ ಸೇರಿದಾಗ ಮಾತು ಗಾಝಾದ ಕಡೆಗೋ ಇರಾಕಿನ ಕಡೆಗೋ ಹೊರಳಿದರೆ, ಕೊನೆಗೆ ಒಂದು ಉದ್ಗಾರ ಬಂದೇ ಬರುತ್ತದೆ. "ಅವರೆಲ್ಲ ಒಂದೇ ಬಿಡಿ, ನಮ್ಮ ಪರ ಯಾರು ತಾನೇ ಮಾತಾಡುತ್ತಾರೆ?" ನೋವಿನಿಂದ ಬಂದ ಮಾತದು. ಆದರೆ ನೋವಿನಿಂದ ಬಂದ ಮಾತೆಲ್ಲ ಸತ್ಯವಾಗಿರಬೇಕೆಂದಿಲ್ಲ. ಯಾರೋ ನಮ್ಮನ್ನು ನೋಡಿ "ಇವರೆಲ್ಲ ಒಂದೇ" ಎಂದಾಗ ನಮ್ಮ ಕರುಳು ಚುರುಕ್ ಎನ್ನುತ್ತದೆ. ಹಾಗಿರುವಾಗ ಅದೇ ತಕ್ಕಡಿಯಲ್ಲಿ ನಾವು ಇತರರನ್ನು ತೂಗಬಹುದೇ?

ಈ ಸಲ ಒಬ್ಬ ಕ್ರೈಸ್ತ ವಿಶ್ವಾಸಿಯ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಅವರು 1977ರಿಂದ 1981ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್. 2024ರ ಡಿಸೆಂಬರ್ 29ರಂದು, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು.

ಮಗನಿಗಿಂತ ಮೊದಲು ತಾಯಿಯ ಕಥೆ ಕೇಳಿ. ಲಿಲಿಯನ್ ಕಾರ್ಟರ್ ವೃತ್ತಿಯಲ್ಲಿ ನರ್ಸ್. ಅರುವತ್ತೆಂಟರ ವಯಸ್ಸಿನಲ್ಲಿ, ನಮ್ಮಲ್ಲಿ ಅಜ್ಜಿಯರು ಜಗಲಿಯಲ್ಲಿ ಕುಳಿತು ತಸ್ಬೀಹ್ ಎಣಿಸುವ ಪ್ರಾಯದಲ್ಲಿ, ಆಕೆ ಶಾಂತಿದಳದ ಸ್ವಯಂಸೇವಕಿಯಾಗಿ ಭಾರತಕ್ಕೆ ಬಂದರು. 1966ರಿಂದ ಸುಮಾರು ಎರಡು ವರ್ಷ ಮುಂಬಯಿಯ ವಿಕ್ರೋಲಿಯಲ್ಲಿ ಬಡ ರೋಗಿಗಳ ಸೇವೆ ಮಾಡಿದರು. ಮಕ್ಕಳು ಧರ್ಮವನ್ನು ಮೊದಲು ಕಲಿಯುವುದು ಪುಸ್ತಕದಿಂದಲ್ಲ, ತಾಯಿಯ ನಡೆಯಿಂದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕಾರ್ಟರ್ ಅಪ್ಪಟ ಧಾರ್ಮಿಕರು. ಅಧಿಕಾರ ಬಿಟ್ಟ ಮೇಲೂ ತಮ್ಮ ಪುಟ್ಟ ಊರಾದ ಪ್ಲೇನ್ಸ್‌ನ ಚರ್ಚಿನಲ್ಲಿ ದಶಕಗಳ ಕಾಲ ಭಾನುವಾರದ ಧರ್ಮಪಾಠ ಮಾಡಿದರು. ಆದರೆ ಸರಕಾರದ ಬಲದಿಂದ ತನ್ನ ಧರ್ಮವನ್ನು ಇತರರ ಮೇಲೆ ಹೇರಬಾರದು ಎಂಬುದು ಅವರ ದೃಢ ನಿಲುವಾಗಿತ್ತು. ಧರ್ಮನಿಷ್ಠೆ ಮತ್ತು ಪರಧರ್ಮ ಸಹಿಷ್ಣುತೆ ಒಂದಕ್ಕೊಂದು ವೈರಿಗಳೆಂದು ಭಾವಿಸುವವರು ಇದನ್ನು ಗಮನಿಸಬೇಕು.

1978ರ ಸೆಪ್ಟೆಂಬರ್‌ನಲ್ಲಿ ಅವರು ಈಜಿಪ್ಟಿನ ಅನ್ವರ್ ಸಾದಾತ್ ಮತ್ತು ಇಸ್ರೇಲಿನ ಮೆನಾಚೆಮ್ ಬೆಗಿನ್‌ರನ್ನು ಕ್ಯಾಂಪ್ ಡೇವಿಡ್‌ಗೆ ಕರೆಸಿದರು. ಒಬ್ಬ ಮುಸ್ಲಿಮ್, ಒಬ್ಬ ಯಹೂದಿ, ಒಬ್ಬ ಕ್ರೈಸ್ತ. ಮಾತುಕತೆಯ ಆರಂಭದಲ್ಲೇ ಮೂವರೂ ಸೇರಿ, ಶಾಂತಿಗಾಗಿ ಪ್ರಾರ್ಥಿಸಿರೆಂದು ಎಲ್ಲ ಧರ್ಮದವರನ್ನು ಕೋರಿದರು. ಈ ಸಲಹೆ ನೀಡಿದ್ದು ಕಾರ್ಟರ್ ಅವರ ಪತ್ನಿ ರೊಸಲಿನ್. ಹದಿಮೂರನೆಯ ದಿನ ಮಾತುಕತೆ ಮುರಿದು ಬೀಳುವುದರಲ್ಲಿತ್ತು. ಆಗ ಕಾರ್ಟರ್, ಬೆಗಿನ್‌ರ ಒಬ್ಬೊಬ್ಬ ಮೊಮ್ಮಗುವಿನ ಹೆಸರನ್ನೂ ಬರೆದು ಸಹಿ ಹಾಕಿದ ಚಿತ್ರಗಳನ್ನು ಅವರ ಕೈಗಿತ್ತರು. ಹೆಸರುಗಳನ್ನು ಓದುತ್ತಾ ಬೆಗಿನ್‌ರ ಕಣ್ಣು ತುಂಬಿ ಬಂತು. ಮಾತುಕತೆ ಮತ್ತೆ ಜೀವ ಪಡೆಯಿತು. 1979ರ ಮಾರ್ಚ್ 26ರಂದು ಎರಡು ದೇಶಗಳ ಒಪ್ಪಂದಕ್ಕೆ ಸಹಿ ಬಿತ್ತು.

ಆದರೆ ಫೆಲೆಸ್ತೀನೀಯರಿಗೆ ಸಿಗಬೇಕಾದ ನ್ಯಾಯ ಸಿಗಲಿಲ್ಲ. ಇದನ್ನು ಕಾರ್ಟರ್ ಮರೆಯಲಿಲ್ಲ. 2006ರಲ್ಲಿ ಅವರು ಫೆಲೆಸ್ತೀನ್ ಕುರಿತು ಪುಸ್ತಕ ಬರೆದು, ಆಕ್ರಮಿತ ನೆಲದಲ್ಲಿ ನಡೆಯುತ್ತಿರುವುದನ್ನು ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ಹೆಸರಿನಿಂದಲೇ ಕರೆದರು. ಯಹೂದಿ ದ್ವೇಷಿಯೆಂಬ ನಿಂದನೆ ಕೇಳಬೇಕಾಯಿತು. ಅವರದೇ ಕಾರ್ಟರ್ ಸೆಂಟರ್‌ನ ಸಲಹಾ ಮಂಡಳಿಯಿಂದ 14 ಮಂದಿ ರಾಜೀನಾಮೆ ಕೊಟ್ಟರು. ಅವರು ಮಾತು ಹಿಂದಕ್ಕೆ ಪಡೆಯಲಿಲ್ಲ. 2003ರಲ್ಲಿ ಇರಾಕಿನ ಮೇಲೆ ದಾಳಿಗೆ ಸಿದ್ಧತೆ ನಡೆದಾಗಲೂ, ಯುದ್ಧ ಕಟ್ಟಕಡೆಯ ದಾರಿಯಾಗಬೇಕು, ಇದು ನ್ಯಾಯದ ಯುದ್ಧವಲ್ಲ ಎಂದು ತನ್ನದೇ ದೇಶದ ಪತ್ರಿಕೆಯಲ್ಲಿ ಬರೆದರು. ತನ್ನ ದೇಶವನ್ನು ಪ್ರೀತಿಸುವವನೇ ತನ್ನ ದೇಶದ ತಪ್ಪನ್ನೂ ಹೇಳಬಲ್ಲ.

ಹಾಗೆಂದು ಅವರು ತಪ್ಪೇ ಮಾಡದವರಲ್ಲ. ಮಾನವ ಹಕ್ಕುಗಳ ಮಾತಾಡುತ್ತಿದ್ದ ಅವರೇ 1977ರ ಕೊನೆಯ ರಾತ್ರಿ ತೆಹ್ರಾನಿನಲ್ಲಿ ಇರಾನಿನ ಶಾನನ್ನು ಹಾಡಿ ಹೊಗಳಿದ್ದರು. ಶಾನ ಸೆರೆಮನೆಗಳಲ್ಲಿ ನರಳುತ್ತಿದ್ದವರ ಪಾಲಿಗೆ ಆ ಹೊಗಳಿಕೆ ಗಾಯದ ಮೇಲಿನ ಬರೆಯಾಯಿತು. ತತ್ವವು ಮಿತ್ರನಿಗೊಂದು, ಶತ್ರುವಿಗೊಂದು ಎಂದಾದರೆ ಅದು ತತ್ವವಾಗಿ ಉಳಿಯುವುದಿಲ್ಲ.

ನಮಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ. ಅವರ ಪಂಥದ ಮುಖಂಡರು, ಪತ್ನಿ ಪತಿಗೆ ಅಧೀನಳಾಗಿರಬೇಕು, ಹೆಣ್ಣು ಪಾದ್ರಿಯಾಗಬಾರದು ಎಂದು ಠರಾವು ಮಾಡಿದಾಗ, 2000ದಲ್ಲಿ ಕಾರ್ಟರ್ ಆ ಸಂಘಟನೆಯ ಸಂಬಂಧ ಕಡಿದುಕೊಂಡರು. ಬಾಲ್ಯದಿಂದಲೂ ಇದ್ದ ನಂಟದು. ಧರ್ಮವನ್ನು ಬಿಡಲಿಲ್ಲ, ಊರ ಚರ್ಚನ್ನು ಬಿಡಲಿಲ್ಲ. ಧರ್ಮದ ಹೆಸರಲ್ಲಿ ಹೆಣ್ಣನ್ನು ಕೀಳಾಗಿಸುವುದನ್ನು ಮಾತ್ರ ಒಪ್ಪಲಿಲ್ಲ. ಪಾದ್ರಿಯ ವಿಷಯ ಅವರ ಧರ್ಮದ್ದು, ಇರಲಿ. ಆದರೆ ಅಲ್ಲಾಹನು ಕೊಟ್ಟ ಹಕ್ಕನ್ನು ಊರ ರೂಢಿಯ ಹೆಸರಲ್ಲಿ ಹೆಣ್ಣುಮಕ್ಕಳಿಂದ ಕಿತ್ತುಕೊಳ್ಳುವಾಗ ನಮ್ಮಲ್ಲಿ ಎಷ್ಟು ಮಂದಿ ಗಂಡಸರು ಎದ್ದು ನಿಲ್ಲುತ್ತಾರೆ?

ನಾರು ಹುಣ್ಣಿನ ಬಗ್ಗೆ ಉತ್ತರ ಕರ್ನಾಟಕದ ಹಿರಿಯರಲ್ಲಿ ಕೇಳಿ ನೋಡಿ. ಕಾಲಿನಿಂದ ಮೊಳದುದ್ದದ ಹುಳ ಹೊರಬರುವ ಆ ರೋಗ ಭಾರತದಿಂದ 1996ರಲ್ಲಿ ಸರಕಾರದ ಪ್ರಯತ್ನದಿಂದ ತೊಲಗಿತು. ಆದರೆ ಆಫ್ರಿಕದಲ್ಲಿ ಉಳಿದಿತ್ತು. 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷ ರೋಗಿಗಳಿದ್ದರು. ಅದರ ವಿರುದ್ಧ ಕಾರ್ಟರ್ ಸೆಂಟರ್ ಟೊಂಕ ಕಟ್ಟಿ ನಿಂತಿತು. ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಹುಣ್ಣಿದ್ದವರು ಕೆರೆಗಿಳಿಯಬಾರದು, ಅಷ್ಟೇ. 1995ರಲ್ಲಿ ಈ ಕೆಲಸಕ್ಕಾಗಿಯೇ ಸುಡಾನಿನ ಅಂತರ್ಯುದ್ಧವನ್ನು ಕೆಲವು ತಿಂಗಳು ನಿಲ್ಲಿಸಿದರು. 2024ರ ಹೊತ್ತಿಗೆ ವರ್ಷದ ರೋಗಿಗಳ ಸಂಖ್ಯೆ 20ಕ್ಕಿಂತ ಕೆಳಗಿಳಿದಿತ್ತು. ನೀರು ಸೋಸಿದ ಆ ಕೈಗಳಲ್ಲಿ ಮುಸ್ಲಿಮ್ ತಾಯಂದಿರದೂ ಇದ್ದವು, ಕ್ರೈಸ್ತ ತಾಯಂದಿರದೂ ಇದ್ದವು.

ಸಹೋದರಿಯರೇ, ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ಜಾರಿಸದಿರಲಿ ಎಂಬುದು ಕುರ್‌ಆನ್ ನಮಗೆ ಕಲಿಸಿದ ಪಾಠ. ಅದು ಇತರರಿಗೆ ಉಪದೇಶಿಸಲು ಮಾತ್ರ ಇರುವ ಪಾಠವಲ್ಲ. ದೇಶದ ನಡವಳಿಕೆ ಸಂಸತ್ತಿನಲ್ಲಿ ಹುಟ್ಟುವುದಿಲ್ಲ, ಊಟದ ಸುಪ್ರದ ಸುತ್ತ ಹುಟ್ಟುತ್ತದೆ. ಇಂದು ರಾತ್ರಿ ಮಕ್ಕಳು ಸುತ್ತ ಕುಳಿತಿರುವಾಗ "ಅವರೆಲ್ಲ ಒಂದೇ" ಎಂಬ ಮಾತು ನಾಲಿಗೆಗೆ ಬಂದರೆ ಒಂದು ಕ್ಷಣ ತಡೆಯಿರಿ. ಅದರ ಬದಲು, ವಿಕ್ರೋಲಿಯ ಆ ಮುದುಕಿಯ ಕಥೆ ಹೇಳಿ.