ರೋಗಿಯ ಹಾಸಿಗೆಯ ಪಕ್ಕದಲ್ಲಿ ಯಾವ ಭಾಷೆ?

ಕಾಸರಗೋಡಿನಲ್ಲಿ ಕನ್ನಡದ ಹಕ್ಕಿನ ಮಾತು ಬಂದಾಗಲೆಲ್ಲ ಚರ್ಚೆಯು ಶಾಲೆ, ಅಧ್ಯಾಪಕರ ನೇಮಕಾತಿ, ಕಚೇರಿಯ ಅರ್ಜಿ ನಮೂನೆ, ರಸ್ತೆಬದಿಯ ನಾಮಫಲಕ ಇವುಗಳ ಸುತ್ತಲೇ ನಡೆಯುತ್ತದೆ. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ ಬಂದಾಗ ಎದ್ದ ದನಿಯೂ ಮುಖ್ಯವಾಗಿ ಶಾಲೆಯನ್ನು ಕುರಿತದ್ದೇ ಆಗಿತ್ತು. ಅದು ನ್ಯಾಯವಾದ ದನಿ. ಆದರೆ ಭಾಷೆಯ ಪ್ರಶ್ನೆಯು ಜೀವನ್ಮರಣದ ಪ್ರಶ್ನೆಯಾಗಿಯೇ ಎದುರಾಗುವ ಒಂದು ಸ್ಥಳವು ಈ ಚರ್ಚೆಯಿಂದ ಹೊರಗುಳಿದಿದೆ. ಅದು ಆಸ್ಪತ್ರೆಯ ವಾರ್ಡು. ಮೆದುಳಿನಲ್ಲಿ ರಕ್ತಸ್ರಾವವಾಗಿ ಮಲಗಿರುವ ರೋಗಿಯ ಶುಶ್ರೂಷೆಯನ್ನು ಗಮನಿಸಿದರೆ ಈ ಮಾತಿನ ಗಾಂಭೀರ್ಯ ತಿಳಿಯುತ್ತದೆ.

ನಮ್ಮ ಊರುಗಳಲ್ಲಿ ಲಕ್ವ, ಪಾರ್ಶ್ವವಾಯು ಎಂದು ಒಂದೇ ಹೆಸರಿನಿಂದ ಕರೆಯುವ ಕಾಯಿಲೆಯಲ್ಲಿ ಎರಡು ಬಗೆಗಳಿವೆ. ಮೆದುಳಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಳ್ಳುವುದು ಮೊದಲನೆಯದು. ನಾಳವು ಒಡೆದು ರಕ್ತ ಸೋರುವುದು ಎರಡನೆಯದು. ಎರಡನೆಯ ಬಗೆ ಸಂಖ್ಯೆಯಲ್ಲಿ ಕಡಿಮೆ. ಸಾವಿನ ಅಪಾಯದಲ್ಲಿ ಹೆಚ್ಚು. ಹಲವು ವರ್ಷಗಳಿಂದ ಹತೋಟಿಗೆ ಬಾರದ ರಕ್ತದೊತ್ತಡವೇ ಇದರ ಮುಖ್ಯ ಕಾರಣ. ಹೊರಲಕ್ಷಣಗಳಿಂದ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ವೈದ್ಯರಿಂದಲೂ ಆಗದು, ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಮುಚ್ಚಿದ ನಾಳವನ್ನು ತೆರೆಯಲು ಕೊಡುವ ಔಷಧವು ಒಡೆದ ನಾಳದ ರೋಗಿಗೆ ಮಾರಕವಾಗಬಲ್ಲದು. ಆದ್ದರಿಂದಲೇ ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತೊದಲಿದಾಗ ಮನೆಯಲ್ಲಿದ್ದ ಆಸ್ಪಿರಿನ್ ಮಾತ್ರೆಯನ್ನು ನುಂಗಿಸಬಾರದು. ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ದಾರಿ.

ರಕ್ತಸ್ರಾವವಾದ ಎಲ್ಲರಿಗೂ ಶಸ್ತ್ರಚಿಕಿತ್ಸೆ ನಡೆಯುವುದಿಲ್ಲ. ಬಹುಪಾಲು ರೋಗಿಗಳ ಭವಿಷ್ಯವು ಮೊದಲ ಒಂದೆರಡು ದಿನಗಳ ಎಚ್ಚರದ ಆರೈಕೆಯನ್ನು ಅವಲಂಬಿಸಿದೆ. ಸೋರಿದ ರಕ್ತದ ಗಡ್ಡೆಯು ಮೊದಲ ಗಂಟೆಗಳಲ್ಲಿ ಇನ್ನೂ ಬೆಳೆಯಬಹುದು ಎಂಬುದೇ ದೊಡ್ಡ ಭಯ. 2023ರಲ್ಲಿ ಪ್ರಕಟವಾದ ಇಂಟರಾಕ್ಟ್-3 ಎಂಬ ಅಧ್ಯಯನವು ಭಾರತವೂ ಸೇರಿದಂತೆ 10 ದೇಶಗಳ 7,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡಿತ್ತು. ಮೇಲಿನ ರಕ್ತದೊತ್ತಡವನ್ನು ಬೇಗನೆ 140ಕ್ಕಿಂತ ಕೆಳಗೆ ತರುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಜ್ವರವನ್ನು ಇಳಿಸುವುದು, ರಕ್ತ ತೆಳುಗೊಳಿಸುವ ಮಾತ್ರೆಯ ಪರಿಣಾಮವನ್ನು ತೊಡೆಯುವುದು ಈ ನಾಲ್ಕನ್ನೂ ಒಟ್ಟಾಗಿ ಮಾಡಿದಲ್ಲಿ ರೋಗಿಗಳು ಹೆಚ್ಚು ಚೇತರಿಸಿಕೊಂಡರೆಂದು ಅದು ತೋರಿಸಿತು. ಇದಕ್ಕೂ ಮೊದಲು, 2011ರಲ್ಲಿ, ಆಸ್ಟ್ರೇಲಿಯದ 19 ಪಾರ್ಶ್ವವಾಯು ಘಟಕಗಳಲ್ಲಿ ದಾದಿಯರ ನೇತೃತ್ವದಲ್ಲಿ ಜ್ವರ, ಸಕ್ಕರೆ, ನುಂಗುವ ಶಕ್ತಿ ಈ ಮೂರನ್ನು ಕ್ರಮಬದ್ಧವಾಗಿ ನೋಡಿಕೊಂಡ ಅಧ್ಯಯನ ಬಂದಿತ್ತು. ಅದರಲ್ಲಿ 90 ದಿನಗಳ ಬಳಿಕ ಸತ್ತವರ ಹಾಗೂ ಪರಾವಲಂಬಿಗಳಾದವರ ಪ್ರಮಾಣವು ಶೇ. 58ರ ಬದಲು ಶೇ. 42 ಆಗಿತ್ತು. ವೈದ್ಯರು ಔಷಧ ಬರೆಯಬಹುದು. ಆದರೆ ಗಂಟೆಗಂಟೆಗೂ ನೋಡಿ, ಅಳೆದು, ಎಚ್ಚರಿಸುವವರು ದಾದಿಯರೇ.

ಈ ನೋಡುವಿಕೆಯ ನಡುವಿನಲ್ಲೇ ಭಾಷೆ ಇದೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದ ಮಾಪನವೊಂದು ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಚಲನೆಗೆ 6, ಹೀಗೆ ಗರಿಷ್ಠ 15 ಅಂಕ, ಕನಿಷ್ಠ 3. ‘ನಿಮ್ಮ ಹೆಸರೇನು? ಈಗ ಎಲ್ಲಿದ್ದೀರಿ? ಇದು ಯಾವ ತಿಂಗಳು?’ ಎಂದು ಕೇಳಿದಾಗ ಸರಿಯಾದ ಉತ್ತರ ಬಂದರೆ ಮಾತಿಗೆ ಪೂರ್ಣ 5. ಉತ್ತರ ಗೊಂದಲಮಯವಾಗಿದ್ದರೆ 4. ‘ನನ್ನ ಬೆರಳು ಹಿಡಿಯಿರಿ, ಬಿಡಿ, ನಾಲಗೆ ಚಾಚಿ’ ಎಂದಾಗ ರೋಗಿಯು ಹಾಗೆಯೇ ಮಾಡಿದರೆ ಚಲನೆಗೆ 6. ಮಾಡದೆ, ನೋವಾದ ಕಡೆಗೆ ಮಾತ್ರ ಕೈ ಒಯ್ದರೆ 5. ಒಟ್ಟು ಅಂಕವು ಎರಡರಷ್ಟು ಕುಸಿದರೆ ರಕ್ತಸ್ರಾವ ಹೆಚ್ಚಿರಬಹುದೆಂದು ತಿಳಿದು ಕೂಡಲೇ ವೈದ್ಯರನ್ನು ಕರೆಯಬೇಕು.

ಈಗ ಎಣ್ಮಕಜೆಯದೋ ಪೈವಳಿಕೆಯದೋ ಓರ್ವ ಅಜ್ಜಿಯನ್ನು ಕಲ್ಪಿಸಿಕೊಳ್ಳೋಣ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಆಡುವವರು. ಶಾಲೆಯಲ್ಲಿ ಕಲಿತದ್ದು ಕನ್ನಡ. ಅವರಿಗೆ ಕೇವಲ ಮಲಯಾಳದಲ್ಲಿ ಪ್ರಶ್ನೆ ಕೇಳಿದರೆ ಮಾತಿನಲ್ಲಿ ಒಂದು, ಚಲನೆಯಲ್ಲಿ ಒಂದು ಅಂಕ ಸುಮ್ಮನೆ ಹೋಗಬಹುದು. ಅಂದರೆ ಗಾಬರಿಪಡಬೇಕಾದಷ್ಟು ಕುಸಿತವು ಕೇವಲ ಭಾಷೆಯ ಕಾರಣದಿಂದ ಕಾಗದದ ಮೇಲೆ ಮೂಡುತ್ತದೆ. ಇದಕ್ಕಿಂತ ದೊಡ್ಡ ಅಪಾಯವು ಇದರ ವಿರುದ್ಧ ದಿಕ್ಕಿನದು. ‘ಇವರಿಗೆ ನಮ್ಮ ಭಾಷೆ ತಿಳಿಯದು’ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ, ನಿಜವಾಗಿಯೂ ಪ್ರಜ್ಞೆ ಮಂಕಾಗುತ್ತಿರುವಾಗಲೂ ಆ ಮೌನವನ್ನು ಭಾಷೆಯ ಲೆಕ್ಕಕ್ಕೆ ಬರೆಯುವ ಸಾಧ್ಯತೆ ಇದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಮಾತೇ ನಷ್ಟವಾಗುವುದುಂಟು. ಹಲವು ಭಾಷೆ ಬಲ್ಲವರಲ್ಲಿ ಒಂದು ಭಾಷೆ ಹೆಚ್ಚು, ಇನ್ನೊಂದು ಕಡಿಮೆ ಹಾನಿಗೊಳ್ಳುವುದೂ ಉಂಟು. ಮಾತು ಹೋಗಿದೆಯೇ, ಪ್ರಜ್ಞೆ ಹೋಗುತ್ತಿದೆಯೇ, ಅಥವಾ ಪ್ರಶ್ನೆಯೇ ಅರ್ಥವಾಗಿಲ್ಲವೇ? ಈ ಮೂರನ್ನು ಬೇರ್ಪಡಿಸಲು ರೋಗಿಯ ಮನೆಮಾತಿನಲ್ಲಿ ಒಂದೆರಡು ವಾಕ್ಯವಾದರೂ ಆಡಬೇಕು.

ಇದಕ್ಕೆ ಯಾವ ದಾದಿಯನ್ನೂ ದೂಷಿಸಬೇಕಾಗಿಲ್ಲ. ದೂರದ ಜಿಲ್ಲೆಯಿಂದ ವರ್ಗವಾಗಿ ಬಂದವರು ರಾತ್ರಿಪಾಳಿಯಲ್ಲಿ ಹತ್ತಾರು ರೋಗಿಗಳನ್ನು ನೋಡಿಕೊಳ್ಳುತ್ತಾ ಸಪ್ತಭಾಷೆಗಳ ಈ ನಾಡಿನ ನುಡಿಗಳನ್ನೆಲ್ಲ ಕಲಿತಿರಬೇಕೆಂದು ಬಯಸುವುದು ಅನ್ಯಾಯ. ಕೊರತೆ ಇರುವುದು ವ್ಯವಸ್ಥೆಯಲ್ಲಿ.

ಆ ವ್ಯವಸ್ಥೆಯನ್ನು ಕೇಳುವ ಕಾಲ ಈಗ ಬಂದಿದೆ. ಮೆದುಳಿನ ಕಾಯಿಲೆಗೆ ನಮ್ಮವರು ಬಹುಕಾಲದಿಂದ ಮಂಗಳೂರನ್ನೇ ನೆಚ್ಚಿಕೊಂಡು ಬಂದವರು. 2020ರ ಮಾರ್ಚ್ ಅಂತ್ಯದಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಚಿಕಿತ್ಸೆ ಸಿಗದೆ ಪ್ರಾಣ ಕಳೆದುಕೊಂಡವರ ನೆನಪು ಇನ್ನೂ ಹಸಿಯಾಗಿದೆ. ರೋಗಿಗಳಿಗಾಗಿ ದಾರಿ ತೆರೆಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರ ಸರಕಾರಕ್ಕೆ ಆದೇಶಿಸಬೇಕಾಯಿತು. ಜಿಲ್ಲೆಯೊಳಗೇ ಚಿಕಿತ್ಸೆ ಬೇಕೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷ್ಯ ಬೇಡ. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2025ರಲ್ಲಿ 50 ಎಂ.ಬಿ.ಬಿ.ಎಸ್. ಸೀಟುಗಳ ಅನುಮತಿ ದೊರೆಯಿತು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಪ್ರದೇಶದಲ್ಲೇ ಆಸ್ಪತ್ರೆ ಬೆಳೆಯುವಾಗ, ಅದರ ವಾರ್ಡುಗಳಲ್ಲಿ ಯಾವ ಭಾಷೆ ಕೇಳಿಸಬೇಕು ಎಂಬುದನ್ನು ಆರಂಭದಲ್ಲೇ ನಿಶ್ಚಯಿಸುವುದು ಸುಲಭ.

ಬೇಡಿಕೆಗಳು ದೊಡ್ಡವಲ್ಲ. ರೋಗಿಯನ್ನು ದಾಖಲಿಸುವಾಗ ಹೆಸರು, ಪ್ರಾಯದ ಜತೆಗೆ ಮನೆಮಾತು ಯಾವುದೆಂದು ಬರೆಯಬೇಕು. ಪ್ರಜ್ಞೆ ಪರೀಕ್ಷಿಸುವ ಹತ್ತು ವಾಕ್ಯಗಳನ್ನು ಕನ್ನಡ, ತುಳು ಮೊದಲಾದ ಇಲ್ಲಿನ ಭಾಷೆಗಳಲ್ಲಿ, ಮಲಯಾಳ ಲಿಪಿಯಲ್ಲಿಯೂ ಬರೆದ ಹಾಳೆಯನ್ನು ವಾರ್ಡಿನಲ್ಲಿ ಇಡಬೇಕು. ಬಿಡುಗಡೆಯ ವೇಳೆ ಕೊಡುವ ಸೂಚನೆಗಳು ಕನ್ನಡದಲ್ಲಿಯೂ ಇರಬೇಕು. ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರಿಗೆ ನೀಡಿದೆ. ಕಾಗದಕ್ಕೆ ಸಿಕ್ಕ ಮನ್ನಣೆ ಜೀವಕ್ಕೂ ಸಿಗಲಿ. ಕನ್ನಡ ಬಲ್ಲವರಿಗಾಗಿ ಗುಮಾಸ್ತರ ಹುದ್ದೆಗಳಲ್ಲಿ ಪ್ರತ್ಯೇಕ ನೇಮಕಾತಿ ನಡೆಯುವ ಕ್ರಮವಿದೆ. ದಾದಿಯರ ಹುದ್ದೆಗೂ ಅದೇ ತತ್ತ್ವ ಅನ್ವಯಿಸಬೇಕು.

ಬಿಡುಗಡೆಯ ಸೂಚನೆ ಕನ್ನಡದಲ್ಲಿ ಏಕೆ ಬೇಕು ಎಂದರೆ, ಆಸ್ಪತ್ರೆಯಲ್ಲಿ ದಾದಿ ಮಾಡಿದ ಕೆಲಸವನ್ನು ಮುಂದೆ ಮನೆಯವರೇ ಮಾಡಬೇಕು. ನುಂಗುವ ಶಕ್ತಿಯನ್ನು ಪರೀಕ್ಷಿಸುವ ಮೊದಲು ಬಾಯಿಗೆ ಏನನ್ನೂ ಹಾಕಬಾರದು. ಪ್ರೀತಿಯಿಂದ ಹೊಯ್ದ ಗಂಜಿತೆಳಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಬರುತ್ತದೆ. ಉಣಿಸುವಾಗ ನೇರವಾಗಿ ಕುಳ್ಳಿರಿಸಬೇಕು. ಉಂಡ ಕೂಡಲೇ ಮಲಗಿಸಬಾರದು. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಬಿದ್ದ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು; ಭುಜದ ಕೀಲು ತಪ್ಪುತ್ತದೆ. ಮಲಬದ್ಧತೆಯಿಂದ ತಿಣುಕದಂತೆ ನೋಡಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆಯನ್ನು ‘ಈಗ ಹಾಯಾಗಿದ್ದಾರೆ’ ಎಂದು ನಿಲ್ಲಿಸಬಾರದು. ತೀವ್ರ ತಲೆನೋವು, ವಾಂತಿ, ಅಪಸ್ಮಾರ, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ಆಸ್ಪತ್ರೆಗೆ ಮರಳಬೇಕು. ಕೇರಳದಲ್ಲಿ 2008ರ ಪಾಲಿಯೇಟಿವ್ ನೀತಿಯ ಬಳಿಕ ಪಂಚಾಯತುಗಳ ಮೂಲಕ ಮನೆಗೇ ಬರುವ ದಾದಿಯರ ಸೇವೆ ಬೆಳೆದಿದೆ. ಹಾಸಿಗೆ ಹಿಡಿದವರಿರುವ ಮನೆಯವರು ಅದನ್ನು ಕೇಳಿ ಪಡೆಯಬೇಕು.

ಕೊನೆಯದಾಗಿ, ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುತ್ತಿರುವ ಹೆತ್ತವರಿಗೆ ಒಂದು ಮಾತು. ‘ಕನ್ನಡದಲ್ಲಿ ಕಲಿತು ಮುಂದೇನು?’ ಎಂಬ ಪ್ರಶ್ನೆಗೆ ಶುಶ್ರೂಷೆಯೂ ಒಂದು ಉತ್ತರ. ಪ್ಲಸ್ ಟು ವಿಜ್ಞಾನದ ಬಳಿಕ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಇದೆ, ಮೂರು ವರ್ಷಗಳ ಜಿ.ಎನ್.ಎಂ. ಇದೆ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಆರಂಭದ ತಿಂಗಳುಗಳು ಕಷ್ಟವೇ. ಆದರೆ ಕನ್ನಡ, ತುಳು, ಮಲಯಾಳ ಮೂರನ್ನೂ ಬಲ್ಲ ನಮ್ಮ ಮಕ್ಕಳ ಕೈಯಲ್ಲಿ ಬೇರೆಯವರ ಬಳಿ ಇಲ್ಲದ ಸಾಧನವೊಂದಿದೆ. ‘ಅಜ್ಜೀ, ನನ್ನ ಬೆರಳು ಹಿಡಿಯಿರಿ’ ಎಂದು ಅವರಿಗೆ ಅರ್ಥವಾಗುವಂತೆ ಹೇಳಬಲ್ಲ ದಾದಿಯೊಬ್ಬರು ಪ್ರತಿ ಪಾಳಿಯಲ್ಲೂ ಇರುವಂತಾದರೆ, ಗಡಿನಾಡಿನಲ್ಲಿ ಕನ್ನಡ ಶಾಲೆ ಏಕೆ ಉಳಿಯಬೇಕು ಎಂದು ಕೇಳುವವರಿಗೆ ನಾವು ಪ್ರತ್ಯೇಕವಾಗಿ ಉತ್ತರಿಸಬೇಕಾಗಿಲ್ಲ.