ಹಕ್ಕಿಜ್ವರ ಮತ್ತು 627ನೇ ಜಾಗ

ಹಕ್ಕಿಜ್ವರದ ಸುದ್ದಿ ಬಂದ ಕೂಡಲೇ ನಮ್ಮಲ್ಲಿ ಹುಟ್ಟುವ ಪ್ರಶ್ನೆ ಒಂದೇ - ಚಿಕನ್ ತಿನ್ನಬಹುದಾ, ಬಿಡಬೇಕಾ? ಚೆನ್ನಾಗಿ ಬೇಯಿಸಿದರೆ ವೈರಸ್ ಸಾಯುತ್ತೆ, ತಿನ್ನಿ. ಅಲ್ಲಿಗೆ ಆ ಪ್ರಶ್ನೆ ಮುಗೀತು. ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಕೋಳಿಯನ್ನು ಕೊಲ್ಲುವ ವೈರಸ್ಸು ಹುಲಿಯನ್ನೋ ಮನುಷ್ಯನನ್ನೋ ಕೊಲ್ಲುವಂತಾಗೋದು ಹೇಗೆ?

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ವೈರಸ್ 18 ಜನರಿಗೆ ತಗುಲಿತು, 6 ಜನ ತೀರಿಕೊಂಡರು. ಆ ರೋಗಿಗಳಿಂದ ತೆಗೆದ ವೈರಸ್‌ಗಳನ್ನು ಪ್ರಯೋಗಾಲಯದ ಇಲಿಗಳಿಗೆ ಕೊಟ್ಟಾಗ ಕೆಲವು ಮೈಯೆಲ್ಲ ಹಬ್ಬಿ ಕೊಂದವು, ಕೆಲವು ಶ್ವಾಸಕೋಶ ಬಿಟ್ಟು ಆಚೆ ಹೋಗಲಿಲ್ಲ. ಒಂದೇ ಊರು, ಒಂದೇ ವರ್ಷ, ಹೆಚ್ಚುಕಡಿಮೆ ಒಂದೇ ವೈರಸ್! 2001ರಲ್ಲಿ ಯೋಶಿಹಿರೊ ಕವಾವೊಕಾ ಅವರ ತಂಡ ಎರಡೂ ಬಗೆಯ ವೈರಸ್‌ಗಳ ಜೀನ್‌ಗಳನ್ನು ಅದಲುಬದಲು ಮಾಡಿ ನೋಡಿತು. ಬಗ್ ಎಲ್ಲಿದೆ ಅಂತ ಗೊತ್ತಾಗದಿದ್ದಾಗ ನಾವು ಫೈಲುಗಳನ್ನು ಒಂದೊಂದಾಗಿ ಬದಲಿಸಿ ನೋಡ್ತೀವಲ್ಲ, ಥೇಟ್ ಹಾಗೇ. ಸಿಕ್ಕಿದ್ದು ಪಿಬಿ2 ಅನ್ನೋ ಪ್ರೋಟೀನಿನ 627ನೇ ಜಾಗ. ಅಲ್ಲಿ ಗ್ಲುಟಾಮಿಕ್ ಆಮ್ಲ ಇದ್ದರೆ ಇಲಿಗಳಿಗೆ ಸೌಮ್ಯ, ಲೈಸಿನ್ ಇದ್ದರೆ ಮಾರಕ. ಇದಕ್ಕೆ ಬೇಕಾದ್ದು ಸುಮಾರು 13,500 ಅಕ್ಷರಗಳ ಜೀನೋಮಿನಲ್ಲಿ ಒಂದೇ ಅಕ್ಷರದ ಬದಲಾವಣೆ.

ಯಾಕೆ ಹೀಗೆ? ಪಿಬಿ2 ಇರೋದು ವೈರಸ್ಸಿನ ಜೀನ್‌ಗಳನ್ನು ನಕಲು ಮಾಡುವ ಯಂತ್ರದಲ್ಲಿ. ಆ ಯಂತ್ರ ಓಡಲು ಆತಿಥೇಯ ಜೀವಕೋಶದ ಎಎನ್‌ಪಿ32ಎ ಅನ್ನೋ ಪ್ರೋಟೀನ್ ಬೇಕು. ಕೋಳಿಯ ಈ ಪ್ರೋಟೀನಿನಲ್ಲಿ 33 ಅಮೈನೋ ಆಮ್ಲಗಳ ಒಂದು ಹೆಚ್ಚುವರಿ ತುಂಡಿದೆ, ನಮ್ಮದರಲ್ಲಿ ಇಲ್ಲ ಅಂತ 2016ರಲ್ಲಿ ಲಂಡನ್ನಿನ ವೆಂಡಿ ಬಾರ್ಕ್ಲೇ ಅವರ ತಂಡ ತೋರಿಸಿತು. ಹಕ್ಕಿಯ ಪ್ಲಾಟ್‌ಫಾರ್ಮಿಗೆ ಬರೆದ ಪ್ರೋಗ್ರಾಂ ನಮ್ಮಲ್ಲಿ ತೆವಳುತ್ತದೆ. 627ರ ಲೈಸಿನ್ ಅದಕ್ಕೆ ಸಿಕ್ಕ ಪ್ಯಾಚ್.

ಹಾಗಂತ ಎಲ್ಲ ಆ ಒಂದೇ ಅಕ್ಷರದ ಕೈವಾಡ ಅಂದುಕೊಳ್ಳಬೇಡಿ. ವೈರಸ್ಸಿನ ಮೇಲ್ಮೈಯ ಎಚ್ಎ ಪ್ರೋಟೀನ್ ತುಂಡಾದರೆ ಮಾತ್ರ ಅದು ಸೋಂಕು ಹಚ್ಚಬಲ್ಲದು. ಮಾಮೂಲಿ ಫ್ಲೂ ವೈರಸ್ಸಿಗೆ ಆ ಕತ್ತರಿ ಸಿಗೋದು ಉಸಿರಾಟದ ದಾರಿಯಂಥ ಕೆಲವೇ ಕಡೆ. ಮಾರಕ ಎಚ್5ಎನ್1ಗೆ ಮೈಯ ಎಲ್ಲ ಅಂಗಗಳಲ್ಲೂ ಸಿಗುತ್ತದೆ. ಇಲಿಗಳನ್ನು ಕೊಲ್ಲಲು ಅದೂ ಬೇಕಿತ್ತು. 2003ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಎಚ್7ಎನ್7ಗೆ ಬಲಿಯಾದ ಪಶುವೈದ್ಯರ ವೈರಸ್ಸಿನಲ್ಲಿ 627ರ ಬದಲಾವಣೆ ಇತ್ತು. 2024ರಲ್ಲಿ ಟೆಕ್ಸಾಸ್‌ನ ಡೈರಿ ಕೆಲಸಗಾರನೊಬ್ಬನ ಎಚ್5ಎನ್1ನಲ್ಲೂ ಅದೇ ಬದಲಾವಣೆ ಇತ್ತು, ಅವನಿಗಾದದ್ದು ಕಣ್ಣು ಕೆಂಪಾಗಿದ್ದು ಅಷ್ಟೇ!

ಹಾಗಾದ್ರೆ ಇದನ್ನೆಲ್ಲ ತಿಳಿದು ಏನು ಪ್ರಯೋಜನ? ನನ್ನ ಪ್ರಕಾರ ಪ್ರಯೋಜನ ಇಲ್ಲಿದೆ. ಈ ಪ್ಯಾಚ್ ಹಕ್ಕಿಗಳಲ್ಲಿ ಅಪರೂಪ, ವೈರಸ್ ಸಸ್ತನಿಗಳಿಗೆ ಹೊಕ್ಕ ಮೇಲೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಫ್ಲೂ ವೈರಸ್ಸಿಗೆ ತನ್ನ ನಕಲಿನ ತಪ್ಪು ತಿದ್ದೋ ವ್ಯವಸ್ಥೆ ಇಲ್ಲ, ಹಾಗಾಗಿ ಸೋಂಕು ತಗುಲಿದ ಪ್ರತಿ ಬೆಕ್ಕು, ಹಸು, ಮಿಂಕ್ ಅದಕ್ಕೊಂದು ಟೆಸ್ಟ್ ಮೆಷಿನ್. 2022ರಲ್ಲಿ ಸ್ಪೇನಿನ ಒಂದು ಮಿಂಕ್ ಫಾರ್ಮ್‌ನಲ್ಲಿ ಹರಡಿದ ಎಚ್5ಎನ್1ನಲ್ಲಿ ಪಿಬಿ2ನ 271ನೇ ಜಾಗ ಬದಲಾಗಿತ್ತು. ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. ನಾಗಪುರದ ಗೋರೆವಾಡದಲ್ಲಿ 2024ರ ಡಿಸೆಂಬರಿನಲ್ಲಿ ಸತ್ತ ಮೂರು ಹುಲಿ, ಒಂದು ಚಿರತೆಗೆ ಎಚ್5ಎನ್1 ತಗುಲಿತ್ತು ಅಂತ 2025ರ ಜನವರಿಯಲ್ಲಿ ಖಚಿತವಾಯಿತು.

ವೈರಸ್ಸಿನ ಅಕ್ಷರ ಬದಲಾಗದಂತೆ ತಡೆಯೋಕೆ ನಮ್ಮಿಂದ ಆಗಲ್ಲ. ಅದು ಎಷ್ಟು ಸಲ ಪ್ರಯತ್ನಿಸಬಹುದು ಅನ್ನೋದನ್ನ ಕಡಿಮೆ ಮಾಡಬಹುದು. ಕೋಳಿ ಸತ್ತಾಗ ರೈತ ಮುಚ್ಚಿಡದೆ ಹೇಳಬೇಕಾದರೆ ಪರಿಹಾರದ ಹಣ ಬೇಗ ಕೈಸೇರಬೇಕು. ಕೋಳಿ ಹೂಳುವ ಕೂಲಿಯವರಿಗೆ ಮಾಸ್ಕು, ಕನ್ನಡಕ, ಕೈಗವಸು ಕೊಡಬೇಕು. ಸಸ್ತನಿಯೊಂದು ಸತ್ತರೆ ಅದರ ವೈರಸ್ಸಿನ ಜೀನೋಮ್ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರದೆ ಕೆಲವೇ ದಿನಗಳಲ್ಲಿ ಎಲ್ಲರಿಗೂ ಸಿಗಬೇಕು. ಲಾಗ್ ಫೈಲನ್ನೇ ಬಚ್ಚಿಟ್ಟರೆ ಬಗ್ ಹುಡುಕೋದಾದ್ರೂ ಹೇಗೆ?

ಮುಂದಿನ ಸಲ ಹಕ್ಕಿಜ್ವರದ ಸುದ್ದಿ ಓದಿದಾಗ ಚಿಕನ್ ರೇಟು ನೋಡಿ, ತಪ್ಪಿಲ್ಲ. ಜೊತೆಗೆ ಅಲ್ಲಿ ಬೆಕ್ಕು, ನಾಯಿ ಏನಾದರೂ ಸತ್ತಿವೆಯಾ ಅಂತಲೂ ಹುಡುಕಿ. ನೀವೇನಂತೀರಿ?